ಪೈಪಿನ ಮೇಲ್ತುದಿ

ಸಾನ್ ಫೆಲಿಪೆ ಬಂದರು,
ಮೇ 19, 2014

ಗಾಸ್ಪರ್ ಕಂಪಾ,

ಫೋನ್ ಎತ್ತುತ್ತಿಲ್ಲ ನೀನು. ಎತ್ತದಿದ್ದರೆ ಬಿಡು, ಕಾಗದದಿಂದಂತೂ ಕಿವಿ ಮುಚ್ಚಿಕೊಂಡು ತಪ್ಪಿಸಿಕೊಳ್ಳಲಾಗುವುದಿಲ್ಲ. ನಿಮ್ಮ ಪನಾಬಾದಿಂದ ಇಲ್ಲಿಗೆ ಐಸ್ ತರುವ ಕಾಯೆತಾನೊ ವಾಪಸ್ ಹೋಗುವಾಗ ಲಾರಿ ಖಾಲಿ. ಇದನ್ನು ಅವನ ಕೈಯಲ್ಲಿ ಕೊಟ್ಟಿದ್ದೇನೆ. ನೀರು ತಾಗಿ ಅಕ್ಷರ ಕಲಸಿಹೋಗಿದ್ದರೆ ಅವನಿಗೆ ಬೈಯಿ, ನನಗಲ್ಲ.

ಕಾಲು ಹೇಗಿದೆ? ಆಸ್ಪತ್ರೆಯ ಉಕ್ಕಿನ ಕೋಣೆಯಲ್ಲಿ ಹತ್ತು ದಿನ ಮಲಗಿಸಿ ಗಾಳಿ ಒತ್ತಿದರಲ್ಲ, ಬೆರಳಾದರೂ ಆಡುತ್ತದೆಯೇ? ನಾನು ನೋಡಲು ಬಂದ ದಿನ ನಿನ್ನ ಹೆಂಡತಿ ಮಿರ್ತಾ ಕೊಮಾದ್ರೆ ಬಾಗಿಲಲ್ಲೇ ನಿಲ್ಲಿಸಿ, "ಮಲಗವ್ನೆ" ಎಂದರು. ಒಳಗೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು.

ಇಲ್ಲಿ ಜನ ಬಾಯಿಗೆ ಬಂದದ್ದು ಆಡುತ್ತಿದ್ದಾರೆ. "ಎರ್ಮಿಲೊ ದೋಣೀಲಿ ತೂಕಡಿಸ್ತಿದ್ದ" ಎಂದು ಒಬ್ಬ. "ಗಾಸ್ಪರ್ ಊಕ್‌ನಂಥ ಹೊಲ ಉಳೋರಿಗೆ ಸಮುದ್ರ ಯಾಕ್ರೀ ಬೇಕಿತ್ತು?" ಎಂದು ಇನ್ನೊಬ್ಬ. ನಾನು ಏನೂ ಹೇಳದೆ ಸುಮ್ಮನಿದ್ದರೆ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ನೋಡು" ಎನ್ನುತ್ತಾರೆ. ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ.

ನನ್ನ ತಲೆಯಲ್ಲಿ ಆವತ್ತಿನ ದಿನ ದಿನಕ್ಕೊಂದು ಥರ ಕಾಣುತ್ತಿದೆ. ನೀನು ಅರವತ್ತು ಅಡಿ ಕೆಳಗೆ, ಸಮುದ್ರದ ತಳದಲ್ಲಿ ತೆವಳುವ ಕಡಲಸೌತೆ ಆಯುತ್ತಿದ್ದೆ. ನಾನು ಮೇಲೆ ನಿನ್ನ ಗಾಳಿಯ ಪೈಪು ಹಿಡಿದು ಕೂತಿದ್ದೆ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಅಂತ, ಎರಡು ಸಲ ಜಗ್ಗಿದರೆ ಇನ್ನಷ್ಟು ಪೈಪು ಬಿಡು ಅಂತ, ಮೂರು ಸಲ ಅಂದರೆ ಮೇಲಕ್ಕೆ ಎಳೆ ಅಂತ. ಅಷ್ಟರಲ್ಲಿ ಪೈಪಿಗೆ ಗಾಳಿ ತುಂಬುವ ಕಂಪ್ರೆಸರಿನ ಮೋಟಾರು ನಿಂತುಹೋಯಿತು. ಪೆಟ್ರೋಲು ಮುಗಿದಿರಬೇಕು. ನಾನು ಅದರ ಜೊತೆ ಗುದ್ದಾಡುತ್ತಿರುವಾಗ ನೀನು ಜಗ್ಗಿದೆ. ಎರಡು ಸಲ ಎಂದು ನನ್ನ ಕೈ ಹೇಳುತ್ತದೆ. ನಾನು ಪೈಪು ಬಿಟ್ಟೆ. ಆಮೇಲೆ ನೀನೇ ಧಡಕ್ಕನೆ ಮೇಲೆ ಬಂದುಬಿಟ್ಟೆ, ಮೂಗಿನಲ್ಲಿ ರಕ್ತ.

ಎರಡೋ ಮೂರೋ? ಪೈಪಿನ ಇನ್ನೊಂದು ತುದಿಯಲ್ಲಿ ಇದ್ದವನು ನೀನೊಬ್ಬನೇ. ಎರಡು ಅಂತ ಒಂದೇ ಒಂದು ಸಾಲು ಬರೆದುಬಿಡು, ನಿನಗೆ ಪುಣ್ಯ ಬರುತ್ತದೆ.

ನಿನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತು ನಿನಗೂ ಮಿರ್ತಾಗೂ ಕೊಂಪಾದ್ರೆಯಾದವನು,
ಎರ್ಮಿಲೊ ಮಾರ್ಫಿಲ್

*

ಪನಾಬಾ,
ಜೂನ್ 2

ಕೊಂಪಾದ್ರೆ ಎರ್ಮಿಲೊ ಅವರಿಗೆ,

ನಿಮ್ಮ ಕಾಗದ ಬಂತು. ಗಾಸ್ಪರ್ ಜೋಲಿಯಲ್ಲಿ ಮಲಗಿಕೊಂಡೇ ಓದಿದ. ಓದಿ ನಕ್ಕ. ಆ ಥರ ನಗುವುದನ್ನು ನಾನು ಕಂಡಿರಲಿಲ್ಲ, ನನಗೆ ಹೆದರಿಕೆಯಾಯಿತು. ನನಗೂ ಕೊಡು ಅಂದರೆ ಕೊಡದೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಸೊಂಟದಿಂದ ಕೆಳಗೆ ಏನೂ ಇಲ್ಲ. ಬೆರಳೂ ಆಡುವುದಿಲ್ಲ. ಡಾಕ್ಟರು ವರ್ಷ ಕಾಯಬೇಕು ಎನ್ನುತ್ತಾರೆ, ಅಂದರೆ ಅವರಿಗೂ ಗೊತ್ತಿಲ್ಲ. ಜೋಲಿಯ ಹಗ್ಗ ಒಂದು ಮೊಳ ಕೆಳಗಿಳಿಸಿ ಕಟ್ಟಿದ್ದೇನೆ, ನಾನೊಬ್ಬಳೇ ಎತ್ತಿ ಕೂರಿಸುವ ಹಾಗೆ.

ಏನಾಯಿತು ಅಂತ ನಾನು ಎಷ್ಟು ಸಲ ಕೇಳಿದ್ದೇನೋ! ಅವನದು ಒಂದೇ ಮಾತು: "ಎರ್ಮಿಲೋನ ಕೇಳು." ಅದಕ್ಕೇ ಕೇಳುತ್ತಿದ್ದೇನೆ. ಮೂರು ಸೀಸನ್ ನಿಮ್ಮ ಬಂದರಿನ ಶೆಡ್ಡಿನಲ್ಲಿ ಸೌತೆಯ ಹೊಟ್ಟೆ ಸೀಳಿ ಬೇಯಿಸಿದವಳು ನಾನು. ಮುಳುಗುವವರು ನಿಧಾನವಾಗಿ ಮೇಲೆ ಬರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಕಾಲು ಹೋಗುತ್ತದೆ ಅನ್ನುವಷ್ಟು ನನಗೂ ಗೊತ್ತು. ಇವನಿಗೆ ಗೊತ್ತಿರಲಿಲ್ಲವೇ? ಬಾಟಲಿಯ ಬಿರಡೆ ಹಾರಿದ ಹಾಗೆ ಯಾಕೆ ಬಂದ?

ಫೋನಿನಲ್ಲಿ ಹೇಳಬೇಡಿ. ಫೋನಿನಲ್ಲಿ ನೀವು ಮಾತು ತೇಲಿಸುತ್ತೀರಿ. ಬರೆಯಿರಿ.

ಮಿರ್ತಾ

*

ಸಾನ್ ಫೆಲಿಪೆ,
ಜೂನ್ 11

ಮಿರ್ತಾ ಕೊಮಾದ್ರೆ,

ನಿಮ್ಮ ಕಾಗದ ಓದಿದೆ. ಕೇಳಿದ್ದೀರಿ, ಹೇಳುತ್ತೇನೆ.

ಮೋಟಾರಿನಲ್ಲಿ ಪೆಟ್ರೋಲು ಮುಗಿಯಿತು. ಇದು ಯಾವ ದೋಣಿಯಲ್ಲೂ ಆಗುವಂಥದ್ದು. ಕಂಪ್ರೆಸರಿಗೂ ಪೈಪಿಗೂ ನಡುವೆ ಹಳೆಯ ಬಿಯರ್ ಪೀಪಾಯಿ ಕೂರಿಸಿರುತ್ತೇವೆ, ನೀವೇ ನೋಡಿದ್ದೀರಿ. ಮೋಟಾರು ನಿಂತರೂ ಆ ಪೀಪಾಯಿಯಲ್ಲಿ ಕೆಲವು ನಿಮಿಷದ ಗಾಳಿ ಉಳಿದಿರುತ್ತದೆ, ಮುಳುಗಿದವನು ಅಷ್ಟರಲ್ಲಿ ತಡೆದು ತಡೆದು ಮೇಲೆ ಬರಬಹುದು. ಸಮುದ್ರದಲ್ಲೇ ಹುಟ್ಟಿ ಬೆಳೆದವನಾಗಿದ್ದರೆ ಹಾಗೇ ಬರುತ್ತಿದ್ದ. ಗಾಸ್ಪರ್ ಒಳ್ಳೆಯವನು, ಧೈರ್ಯಸ್ಥ, ಆದರೆ ಜೋಳ ಬೆಳೆದುಕೊಂಡಿದ್ದವನು. ಗಾಬರಿಬಿದ್ದ. ಅವನದೂ ತಪ್ಪಲ್ಲ, ಯಾರದೂ ತಪ್ಪಲ್ಲ. ಗಳಿಗೆ ಕೆಟ್ಟದಿತ್ತು.

ಅವನಿಗೆ ಬೈಯಬೇಡಿ ಕೊಮಾದ್ರೆ. ಕಾಯೆತಾನೊ ಕೈಲಿ ನಾಲ್ಕು ಮೀನು ಕಳಿಸಿದ್ದೇನೆ.

ಎರ್ಮಿಲೊ

*

ಪನಾಬಾ,
ಆಗಸ್ಟ್ 30

ಎರ್ಮಿಲೊ,

ಮಿರ್ತಾಗೆ ಬರೆದ ಕಾಗದವನ್ನು ಅವಳು ನನಗೆ ಓದಿ ಹೇಳಿದಳು. ಎರಡು ಸಲ ಓದಿದಳು, ಎರಡನೇ ಸಲ ಜೋರಾಗಿ. ಆವತ್ತಿನಿಂದ ದಿನಾ ಬೆಳಿಗ್ಗೆ ನನಗೆ ಮಂಗಳಾರತಿ. "ಗಾಬರಿಬಿದ್ದೆಯಂತೆ. ಗಾಬರಿಬೀಳೋನು ಹೆಂಡ್ತಿ ಮಕ್ಕಳ್ನ ಕೇಳ್ದೆ ಯಾಕೆ ಸಮುದ್ರಕ್ಕಿಳ್ದೆ?" ಎಂದು. ನನ್ನ ಮೈ ಒರೆಸುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ, ಮತ್ತೆ ಒರೆಸುತ್ತಾಳೆ. ನಾನು ಸೂರು ನೋಡುತ್ತಾ ಮಲಗಿರುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಪೆಟ್ರೋಲಿನ ವಿಷಯಕ್ಕೆ ಬರೆಯುತ್ತಿದ್ದೇನೆ. ಆ ಟ್ಯಾಂಕು ತುಂಬಿಸಿದವನು ನಾನು. ಕಂಠಪೂರ್ತಿ ತುಂಬಿಸಿ, ಚೆಲ್ಲಿದ್ದನ್ನು ನನ್ನ ಅಂಗಿಯಲ್ಲೇ ಒರೆಸಿದ್ದೆ.

ಇನ್ನೊಂದು. ನೀರಿನ ಕೆಳಗೆ ಮೋಟಾರಿನ ಸದ್ದು ಕಿವಿಗಲ್ಲ, ಎದೆಗೂಡಿಗೆ ಕೇಳಿಸುತ್ತದೆ. ನೀನೂ ಮುಳುಗುವವನು, ನಿನಗೆ ಗೊತ್ತು. ಪೆಟ್ರೋಲು ಮುಗಿದ ಮೋಟಾರು ಕೆಮ್ಮುತ್ತದೆ, ಸಾಯುತ್ತದೆ, ಒಂದು ಸಲ ಬದುಕುತ್ತದೆ, ಆಮೇಲೆ ನಿಲ್ಲುತ್ತದೆ. ಆವತ್ತು ಅದು ಕೆಮ್ಮಲಿಲ್ಲ. ಒಂದೇ ಸಲಕ್ಕೆ ನಿಂತಿತು.

ಎಷ್ಟು ಸಲ ಜಗ್ಗಿದೆ ಎಂದು ನನಗೆ ಗೊತ್ತು. ನಿನಗೂ ಗೊತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ.

ಗಾಸ್ಪರ್ ಊಕ್

ಮೀನು ಕಳಿಸಬೇಡ. ಮಿರ್ತಾ ಅದನ್ನು ಬೆಕ್ಕಿಗೆ ಹಾಕುತ್ತಾಳೆ.

*

ಸಾನ್ ಫೆಲಿಪೆ,
ಸೆಪ್ಟೆಂಬರ್ 21

ಗಾಸ್ಪರ್,

ಮೂರು ವಾರದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಇದನ್ನೂ ಹರಿಯುವ ಮೊದಲು ಕಾಯೆತಾನೊ ಕೈಗೆ ಹಾಕಿಬಿಡಬೇಕು.

ಮೋಟಾರು ನಿಲ್ಲಿಸಿದವನು ನಾನು.

ಬೂದು ಬಣ್ಣದ ದೋಣಿ ಕಂಡಿತು. ಕಾವಲಿನವರದು. ಸರ್ಕಾರ ಸೌತೆ ಹಿಡಿಯಲು ಬಿಡುವ ಸೀಸನ್ ತೆರೆಯಲು ಇನ್ನೂ ಆರು ದಿನ ಇತ್ತಲ್ಲ. ಆರು ದಿನ ತಡೆದರೆ ಉಳಿದವರು ಎಲ್ಲ ಬಾಚಿಕೊಂಡು ಹೋಗುತ್ತಾರೆ ಎಂದು ನಾನೇ ನಿನ್ನನ್ನು ಹೊರಡಿಸಿದ್ದು. ಕಂಪ್ರೆಸರಿನ ಸದ್ದು ನೀರಿನ ಮೇಲೆ ಎರಡು ಮೈಲಿ ಹೋಗುತ್ತದೆ. ನಿಲ್ಲಿಸಿಬಿಟ್ಟರೆ ನಾನು ಬರೀ ಗಾಳ ಹಾಕಿಕೊಂಡು ಕೂತ ಮೀನುಗಾರ. ಇದನ್ನು ನಾವೆಲ್ಲರೂ ಮಾಡಿದ್ದೇವೆ, ನಮ್ಮಪ್ಪನೂ ಮಾಡಿದ್ದ. ಪೀಪಾಯಿಯ ಗಾಳಿ ಇದೆ, ಅಷ್ಟರಲ್ಲಿ ಬೂದು ದೋಣಿ ದಾಟಿಹೋಗುತ್ತದೆ, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೆ. ಆದರೆ ಅದು ದಾಟಲಿಲ್ಲ. ಅಲ್ಲೇ ತೇಲುತ್ತಾ ನಿಂತಿತು. ಅದರಲ್ಲಿ ಒಬ್ಬ ಕಿತ್ತಳೆ ಸುಲಿಯುತ್ತಿದ್ದ. ಕೈಯೆತ್ತಿ ನನಗೆ ನಮಸ್ಕಾರ ಮಾಡಿದ, ನಾನೂ ಮಾಡಿದೆ.

ಆಗ ನೀನು ಜಗ್ಗಿದೆ. ಮೂರು.

ಎಳೆದರೆ ನೀನು ಮೇಲೆ ಬರುತ್ತೀಯ, ಮುಖವಾಡ ಹಾಕಿಕೊಂಡು, ಸೊಂಟಕ್ಕೆ ಸೌತೆಯ ಚೀಲ ಕಟ್ಟಿಕೊಂಡು, ಅವನ ಕಣ್ಣೆದುರಿಗೇ. ಇಬ್ಬರಿಗೂ ಜೈಲು, ದೋಣಿ ಜಪ್ತಿ. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದುಕೊಂಡೆ. ನೀನು ಮತ್ತೆ ಜಗ್ಗಿದೆ, ಮತ್ತೆ ಮೂರು. ನಾನು ಪೈಪನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಬೂದು ದೋಣಿ ತಿರುಗಿ ಹೊರಟ ಮೇಲೆ ಮೋಟಾರಿನ ಹಗ್ಗಕ್ಕೆ ಕೈ ಹಾಕಿದೆ, ಅಷ್ಟರಲ್ಲಿ ನೀನು ಬಂದುಬಿಟ್ಟಿದ್ದೆ.

ನನಗೆ ಅರ್ಥವಾಗದ್ದು ಇದು, ಗಾಸ್ಪರ್. ಆ ಹೊತ್ತಿನಲ್ಲಿ ನೀನು ಸಾಯುತ್ತೀಯ ಎಂದು ನನಗೆ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಿದ್ದೆನೇ? ಒಂದು ದಿನ ಹೌದು ಅನ್ನಿಸುತ್ತದೆ, ಒಂದು ದಿನ ಇಲ್ಲ ಅನ್ನಿಸುತ್ತದೆ. ನಾನು ಎಂಥವನು ಎಂಬುದೇ ನನಗೆ ತಿಳಿಯುತ್ತಿಲ್ಲ. ಎರಡು ಎಂದು ನಿನ್ನಿಂದ ಬರೆಸಿಕೊಂಡಿದ್ದರೆ ಅದನ್ನೇ ನಂಬಿಬಿಡುತ್ತಿದ್ದೆ, ಆಣೆ.

ಮಿರ್ತಾ ಕೊಮಾದ್ರೆಗೆ ಮಾತ್ರ ಹೇಳಬೇಡ. ನಿನ್ನ ಮಗಳು ನನ್ನನ್ನು ಪಾದ್ರಿನೊ ಎಂದು, ಜ್ಞಾನಸ್ನಾನದ ಅಪ್ಪ ಎಂದು ಕರೆಯುತ್ತಾಳೆ.

ಎರ್ಮಿಲೊ

*

ಪನಾಬಾ,
ಫೆಬ್ರುವರಿ 3, 2015

ಎರ್ಮಿಲೊ,

ಹೇಳುವುದಿಲ್ಲ. ಮಿರ್ತಾಗೆ ಹೇಳಬೇಕಾದವನು ನಾನಲ್ಲ.

ಈ ಸಲ ಏಪ್ರಿಲ್‌ನಲ್ಲಿ ಸೀಸನ್ ಹತ್ತು ದಿನ ತೆರೆಯುತ್ತಾರಂತೆ. ನಾನು ಬರುತ್ತೇನೆ. ಕೆಳಗಿಳಿಯಲು ನನ್ನಿಂದಾಗದು, ಆದರೆ ಮೇಲೆ ಕೂತು ಪೈಪು ಹಿಡಿಯಲು ಕಾಲು ಬೇಕಾಗಿಲ್ಲ. ಹತ್ತು ತಿಂಗಳು ಜೋಲಿಯ ಹಗ್ಗ ಹಿಡಿದು ಮೈ ಎತ್ತಿ ಎತ್ತಿ ನನ್ನ ತೋಳು ಈಗ ನಿನ್ನ ತೊಡೆಯಷ್ಟಿದೆ. ನೀನು ಇಳಿ. ನಾನು ಹಿಡಿಯುತ್ತೇನೆ.

ಬೇರೆ ಯಾರನ್ನೂ ದೋಣಿಗೆ ಕರೆಯಬೇಡ.

ಗಾಸ್ಪರ್

*

ಸಾನ್ ಫೆಲಿಪೆ,
ಮಾರ್ಚ್ 8

ಗಾಸ್ಪರ್ ಕಂಪಾ,

ನಿನ್ನ ಕಾಗದವನ್ನು ಹೆಂಡತಿಗೆ ತೋರಿಸಿದೆ. "ಹೋಗ್ಬೇಡಿ, ಅವ್ನು ನಿಮ್ಮನ್ನ ಅಲ್ಲೇ ಬಿಟ್ಟುಬಿಡ್ತಾನೆ" ಎಂದಳು. ನನ್ನ ತಮ್ಮನಿಗೆ ತೋರಿಸಿದೆ. "ಕ್ಷಮಿಸಿದಾನೆ ಕಣೋ, ಕಾಲಿಗೆ ಬೀಳು ಹೋಗು" ಎಂದ. ಒಂದೇ ಕಾಗದ, ಆರು ಸಾಲು. ನನಗೂ ಅದು ಬೆಳಿಗ್ಗೆ ಒಂದು ಥರ, ಸಾಯಂಕಾಲ ಒಂದು ಥರ ಓದಿಸಿಕೊಳ್ಳುತ್ತದೆ.

ಯಾಕೆ ಬರುತ್ತೀಯ? ಅದೊಂದು ಹೇಳು.

ಹೇಳದಿದ್ದರೂ ಬಾ. ಇಲ್ಲ ಎನ್ನುವ ಮುಖ ನನಗಿಲ್ಲ.

ಎರ್ಮಿಲೊ

*

ಸಾನ್ ಫೆಲಿಪೆ,
ಏಪ್ರಿಲ್ 17

ಮಿರ್ತಾ ಕೊಮಾದ್ರೆ,

ಗಾಸ್ಪರ್ ಕ್ಷೇಮವಾಗಿದ್ದಾನೆ. ನನ್ನ ತಮ್ಮನ ಮನೆಯ ಜಗಲಿಯಲ್ಲಿ ಕೂತು ಹುರುಳಿಯ ಸಾರಿಗೆ ಹಬನೇರೊ ಮೆಣಸು ಕಿವುಚಿಕೊಂಡು ಊಟ ಮಾಡುತ್ತಿದ್ದಾನೆ. ಮೊದಲು ಅದನ್ನು ತಿಳಿಸಿ ಆಮೇಲೆ ಉಳಿದದ್ದು ಬರೆಯುತ್ತೇನೆ. ಪೂರ್ತಿ ಓದಿ, ನಡುವೆ ಹರಿಯಬೇಡಿ.

ಬೆಳಿಗ್ಗೆ ನಾವಿಬ್ಬರೇ ಹೊರಟೆವು. ನಾನು ಅವನನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಇಳಿಸಿದೆ. ಲಂಗರು ಹಾಕಿದ ಮೇಲೆ, ನಿಮ್ಮೂರ ರೈತರು ಹೊಲಕ್ಕಾಗಿ ಕಾಡು ಕಡಿಯುವ ಮೊದಲು ಮಾಡುವ ಹಾಗೆ, ಜೋಳದ ಗಂಜಿಯನ್ನು ಸೋರೆಬುರುಡೆಯಿಂದ ಸಮುದ್ರಕ್ಕೆ ಸುರಿದು ಏನೋ ಹೇಳಿಕೊಂಡ. ಮೊದಲೆಲ್ಲ ನಾನು "ಮೀನಿಗೆ ನಾಷ್ಟಾನಾ?" ಎಂದು ರೇಗಿಸುತ್ತಿದ್ದೆ. ಇವತ್ತು ಟೋಪಿ ತೆಗೆದು ನಿಂತೆ. ಅವನು ನನಗಾಗಿ ಕೇಳಿಕೊಂಡನೋ ನನಗೆ ಕೇಡು ಕೇಳಿಕೊಂಡನೋ ನನಗೆ ಗೊತ್ತಾಗಲಿಲ್ಲ.

ಇಳಿದೆ. ಐವತ್ತು ಅಡಿ. ಸೌತೆ ಕಡಿಮೆಯಾಗಿದೆ, ಮೊದಲಿನ ಕಾಲುಪಾಲೂ ಇಲ್ಲ. ಆರೋ ಏಳೋ ಚೀಲಕ್ಕೆ ಹಾಕಿರಬೇಕು, ಮೋಟಾರು ನಿಂತಿತು. ಕೆಮ್ಮಲಿಲ್ಲ, ಒಂದೇ ಸಲಕ್ಕೆ ನಿಂತಿತು.

ಪೀಪಾಯಿಯಲ್ಲಿ ಗಾಳಿ ಇದೆ ಎಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಉಸಿರು ಬರುತ್ತಲೂ ಇತ್ತು. ಆದರೂ ನನ್ನ ಕೈಕಾಲು ನನ್ನ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷ ಮುಳುಗಿದವನು ನಾನು ಕೊಮಾದ್ರೆ, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡೆ. ಚೀಲ ಬಿಟ್ಟು ಎರಡೂ ಕೈಯಲ್ಲಿ ಪೈಪು ಜಗ್ಗಿದೆ.

ಅವನು ಎಳೆದ. ತಕ್ಷಣ ಮೋಟಾರೂ ಶುರುವಾಯಿತು. ಹೇಗೆ ಎಳೆಯಬೇಕೋ ಹಾಗೆ, ಒಂದಿಷ್ಟು ಎಳೆದು, ನಿಲ್ಲಿಸಿ, ಕಾದು, ಮತ್ತೆ ಎಳೆದು. ನಾನು ಒದ್ದಾಡಿ ಮೇಲೆ ನುಗ್ಗಲು ನೋಡಿದರೆ ಬಿಡಲಿಲ್ಲ, ಪೈಪು ಒಂದು ಸಲ ಜಗ್ಗಿ ಚೆನ್ನಾಗಿದ್ದೀಯ ಎಂದು ತಿಳಿಸಿ ತಡೆದ. ಮೇಲೆ ಬಂದು ದೋಣಿಯ ಅಂಚು ಹಿಡಿದಾಗ ನಾನು ಅಳುತ್ತಿದ್ದೆ.

"ಏನಾಯ್ತೋ?" ಎಂದೆ.

"ಪೆಟ್ರೋಲು ಮುಗೀತು ಕಂಪಾ," ಎಂದ.

ನಾನು ಟ್ಯಾಂಕಿನ ಕಡೆ ನೋಡಲೂ ಇಲ್ಲ.

"ಎಷ್ಟು ಹೊತ್ತು ನಿಂತಿತ್ತು ಅನ್ಸುತ್ತೆ?" ಎಂದು ಅವನೇ ಕೇಳಿದ.

"ಕಾಲು ಗಂಟೆ."

"ಅರ್ಧ ನಿಮಿಷ ಕಣೋ. ಗಡಿಯಾರ ನೋಡ್ಕೊಂಡೇ ನಿಲ್ಸಿದ್ದೆ. ನೀನು ಜಗ್ಗಿದ ತಕ್ಷಣ ಎಳ್ದೆ."

ನಾನು ಕೇಳಬಾರದಿತ್ತು, ಕೇಳಿಬಿಟ್ಟೆ: "ನಾನು ಎಷ್ಟು ಸಲ ಜಗ್ಗಿದೆ?"

"ಮೂರು. ನಂಗೆ ಎಣ್ಸೋಕೆ ಬರುತ್ತೆ," ಎಂದ.

ಆಮೇಲೆ ನನ್ನ ಕೈ ಹಿಡಿದು ದೋಣಿಯೊಳಕ್ಕೆ ಎಳೆದುಕೊಂಡ. ಬೆನ್ನು ಒರೆಸಿದ. "ನಾಳೆ ಇನ್ನೂ ಉತ್ತರಕ್ಕೆ ಹೋಗೋಣ, ಇಲ್ಲೇನೂ ಇಲ್ಲ" ಎಂದ. ಕೋಪವೋ, ಪ್ರೀತಿಯೋ, ಲೆಕ್ಕ ಚುಕ್ತಾ ಆಯಿತು ಅಂತಲೋ ನನಗೆ ಈಗಲೂ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ.

ಈಗ ನಿಮಗೆ. ಹೋದ ವರ್ಷ ನಾನು ಬರೆದದ್ದು ಸುಳ್ಳು. ಪೆಟ್ರೋಲು ಮುಗಿದಿರಲಿಲ್ಲ. ಕಾವಲು ದೋಣಿ ಕಂಡು ಮೋಟಾರು ನಿಲ್ಲಿಸಿದವನು ನಾನು. ಸೀಸನ್‌ಗೆ ಮೊದಲೇ ಹೋಗೋಣ ಎಂದವನೂ ನಾನು. ಗಾಸ್ಪರ್ ಮೂರು ಸಲ ಜಗ್ಗಿದ, ಕಾದ, ಮತ್ತೆ ಮೂರು ಸಲ ಜಗ್ಗಿದ. ನಾನು ಎಳೆಯಲಿಲ್ಲ. ಅವನು ಗಾಬರಿಬೀಳಲಿಲ್ಲ ಕೊಮಾದ್ರೆ. ಪೀಪಾಯಿಯ ಗಾಳಿ ಪೂರ್ತಿ ಮುಗಿಯುವವರೆಗೂ ಕಾದ. ನಾನು ಎಳೆಯುತ್ತೇನೆ ಎಂದು ನಂಬಿ ಕಾದ. ಉಸಿರೇ ಇಲ್ಲದಾಗ ಬಂದ.

ಇವತ್ತು ಅರ್ಧ ನಿಮಿಷವನ್ನು ನನ್ನಿಂದ ತಾಳಲಾಗಲಿಲ್ಲ.

ಎರ್ಮಿಲೊ

*

ಪನಾಬಾ,
ಏಪ್ರಿಲ್ 18

ಎರ್ಮಿಲೊ,

ನಿನ್ನನ್ನು ಇನ್ನು ಕೊಂಪಾದ್ರೆ ಎನ್ನುವುದಿಲ್ಲ, ನೀವು ಎನ್ನುವುದೂ ಇಲ್ಲ.

ಜೂನ್‌ನಿಂದ ಇಲ್ಲಿಯವರೆಗೆ ದಿನಾ ಬೆಳಿಗ್ಗೆ ನಾನು ನನ್ನ ಗಂಡನಿಗೆ ಏನೇನು ಹೇಳಿದ್ದೇನೆ ಗೊತ್ತೇ? ಹೇಡಿ ಎಂದಿದ್ದೇನೆ. ನಿನ್ನ ಗಾಬರಿಗೆ ನಾನೂ ಮಗಳೂ ಯಾಕೆ ಸಾಯಬೇಕು ಎಂದಿದ್ದೇನೆ. ಒಂದು ಸಲ, ಸತ್ತಿದ್ದರೇ ವಾಸಿಯಿತ್ತು ಎಂದೂ ಅಂದೆ. ಅವನು ಸೂರು ನೋಡುತ್ತಾ ಮಲಗಿದ್ದ. ಕಾಲಿನ ಶಕ್ತಿ ಕಳೆದದ್ದಕ್ಕೆ ಅವನು ನಿನ್ನನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ಅದು ನಿಮ್ಮಿಬ್ಬರದು. ನನ್ನ ಬಾಯಿಂದ ಆ ಮಾತು ಆಡಿಸಿದ್ದಕ್ಕೆ ನಾನು ನಿನ್ನನ್ನು ಕ್ಷಮಿಸುವುದಿಲ್ಲ.

ಇಷ್ಟು ದಿನ ಅವನು ಯಾಕೆ ಹೇಳಲಿಲ್ಲ ಎಂದು ಯೋಚಿಸಿ ಯೋಚಿಸಿ ನನಗೆ ಹುಚ್ಚು ಹಿಡಿದ ಹಾಗಾಗಿದೆ. ನೀನೇ ಹೇಳುತ್ತೀಯ ಎಂದು ಕಾದನೇ? ಕೆಳಗೆ ಕಾದವನು ಇಲ್ಲೂ ಕಾದನೇ? ಅವನನ್ನು ಕೇಳಬೇಕು. ಕೇಳುವ ಮೊದಲು ಅವನ ಕಾಲ ಬಳಿ ಕೂತು ಅಳಬೇಕು, ಅದು ಅವನಿಗೆ ತಿಳಿಯದಿದ್ದರೂ ಸರಿ.

ಮಗಳನ್ನು ನನ್ನ ತಂಗಿಯ ಮನೆಯಲ್ಲಿ ಬಿಟ್ಟು ನಾಳೆ ಐಸ್ ಲಾರಿಯಲ್ಲಿ ಬರುತ್ತಿದ್ದೇನೆ. ಸೀಸನ್ ಮುಗಿಯುವವರೆಗೆ ಪೈಪು ಹಿಡಿಯಬೇಕು ಎನ್ನುವುದು ಅವನ ಆಸೆಯಾದರೆ ಹಿಡಿಯಲಿ. ದೋಣಿಯಲ್ಲಿ ನಾನೂ ಇರುತ್ತೇನೆ, ಮೋಟಾರಿನ ಪಕ್ಕ. ಅಲ್ಲಿಗೆ ಅವನ ಕೈಯನ್ನೂ ಬಿಡುವುದಿಲ್ಲ, ನಿನ್ನ ಕೈಯನ್ನೂ ಬಿಡುವುದಿಲ್ಲ. ಬೂದು ದೋಣಿಯಲ್ಲ, ದೇವರೇ ಎದುರಿಗೆ ಬಂದು ನಿಂತರೂ ಆ ಮೋಟಾರು ಓಡುತ್ತಲೇ ಇರುತ್ತದೆ.

ನೀನು ಇಳಿ.

ಮಿರ್ತಾ